‘ಸೆಕೆಂಡ್ ಹ್ಯಾಂಡ್ ಅಲ್ವಾ ಸಾರ್!’

ಕಾರು ಮನೆಗೆ ಬಂದು 11 ದಿನವಾಗಿತ್ತು. ಮೈಸೂರು ರಸ್ತೆಯಲ್ಲಿ ಬಿಡದಿ ದಾಟುವ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹತ್ತಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ಹಬೆಯೋ ಹಬೆ. ಪಕ್ಕದಲ್ಲೇ ಇದ್ದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಎಂಜಿನ್ ತಣ್ಣಗಾಗುವ ತನಕ ಬೀಡಿ ಸೇದುತ್ತಾ ಕಾದರು. ಆಮೇಲೆ ರೇಡಿಯೇಟರ್ ಮುಚ್ಚಳ ತಿರುಗಿಸಿ, ಒಳಗೆ ಬೆರಳಾಡಿಸಿ, ಬೆರಳಿಗೆ ಅಂಟಿದ ಕಂದು ಲೋಳೆಯನ್ನು ನನ್ನ ಮುಂದೆ ಹಿಡಿದರು. ‘ಲೀಕ್ ನಿಲ್ಲಲಿ ಅಂತ ಪೌಡರ್ ಹಾಕಿದ್ದಾರೆ ಸಾರ್. ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದು ಇವತ್ತಿನ ಕಥೆ ಅಲ್ಲ.’

2013ರ ಡೀಸೆಲ್ ಕಾರು. 2021ರಲ್ಲಿ 3.4 ಲಕ್ಷ ರೂಪಾಯಿ ಎಣಿಸಿ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಹತ್ತಿರ ತೆಗೆದುಕೊಂಡಿದ್ದೆ. ಅಲ್ಲೇ ರಸ್ತೆ ಬದಿಯಿಂದ ಅವರಿಗೆ ಫೋನ್ ಮಾಡಿದೆ. ಬೇಸರವನ್ನೇನೂ ತೋರಿಸದೆ ಹೇಳಿದರು: ‘ಸೆಕೆಂಡ್ ಹ್ಯಾಂಡ್ ಅಲ್ವಾ ಸಾರ್! ಸಣ್ಣಪುಟ್ಟದ್ದು ಬಂದೇ ಬರುತ್ತೆ. ನೀವೇ ಓಡಿಸಿ ನೋಡಿ ತಗೊಂಡ್ರಲ್ಲ?’

ಹಳೆ ಕಾರಿನ ವ್ಯಾಪಾರದ ನ್ಯಾಯಶಾಸ್ತ್ರವೆಲ್ಲ ಈ ಎರಡು ಮಾತಿನಲ್ಲಿದೆ. ಹಳೆಯದು, ಆದ್ದರಿಂದ ಕೆಡುವುದು ಸಹಜ ಎನ್ನುವುದು ಒಂದು. ನೋಡಿ ಕೊಂಡಿದ್ದೀರಿ, ಆದ್ದರಿಂದ ಹೊಣೆ ನಿಮ್ಮದು ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಮಿಕ್ಕ ಅರ್ಧ ಎಲ್ಲಿದೆ ಎಂದು ಹುಡುಕಿಕೊಂಡು ಹೋದವನಿಗೆ ಕಾನೂನಿನ ಪುಸ್ತಕ, ಗ್ಯಾರೇಜಿನ ನೆಲ, ಆರ್‌ಟಿಒ ಕೌಂಟರು ಎಲ್ಲವನ್ನೂ ಸುತ್ತಬೇಕಾಯಿತು. ಕಾನೂನು ನಾನು ಅಂದುಕೊಂಡಿದ್ದಕ್ಕಿಂತ ಕೊಳ್ಳುವವನ ಪರವಾಗಿಯೇ ಇದೆ. ಆದರೆ ಸಾಕ್ಷ್ಯವೆಲ್ಲ ಮಾರುವವನ ಕಪಾಟಿನಲ್ಲಿದೆ. ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲೇ.

ಈ ಗಂಟನ್ನು ಮೊದಲು ಶಾಸ್ತ್ರೀಯವಾಗಿ ಬಿಡಿಸಿ ತೋರಿಸಿದವರು ಜಾರ್ಜ್ ಅಕರ್ಲಾಫ್. ಅಮೆರಿಕದಲ್ಲಿ ಕೆಟ್ಟ ಕಾರಿಗೆ ‘ಲೆಮನ್’ ಎನ್ನುತ್ತಾರೆ. ನಾವು ಕಾರು ಕೊಂಡ ದಿನ ದೇವಸ್ಥಾನದ ಮುಂದೆ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ, ಅವರಲ್ಲಿ ಕಾರೇ ನಿಂಬೆಹಣ್ಣು. 1970ರಲ್ಲಿ ಅಕರ್ಲಾಫ್ ಬರೆದ ಪುಟ್ಟ ಪ್ರಬಂಧದ ವಾದ ಸರಳವಾದದ್ದು. ಕಾರು ಒಳ್ಳೆಯದೋ ಕೆಟ್ಟದ್ದೋ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲ ಕಾರಿಗೂ ನಡುವಣ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಮೂರು ಪತ್ರಿಕೆಗಳು ಬೇಡವೆಂದು ತಿರುಗಿಸಿ ಕಳಿಸಿದ್ದ ಆ ಪ್ರಬಂಧ 2001ರಲ್ಲಿ ಅವರಿಗೆ ನೊಬೆಲ್ ತಂದಿತು. ಅದನ್ನು ಬರೆಯುವ ಕಾಲದಲ್ಲಿ ಅವರು ದೆಹಲಿಯಲ್ಲೂ ಒಂದು ವರ್ಷ ಇದ್ದರು, ಪ್ರಬಂಧದಲ್ಲಿ ನಮ್ಮ ಲೇವಾದೇವಿಗಾರರ ಉದಾಹರಣೆಯೂ ಬರುತ್ತದೆ. ಗೊತ್ತಿಲ್ಲದವನ ಕಷ್ಟವನ್ನು ಇಲ್ಲಿ ಕಲಿಯುವಷ್ಟು ಚೆನ್ನಾಗಿ ಇನ್ನೆಲ್ಲಿ ಕಲಿಯಬಹುದಿತ್ತು!

ಹಾಗಾದರೆ ದೋಷ ಎನ್ನುವುದು ಯಾವುದಕ್ಕೆ? ಇಲ್ಲಿ ಸ್ವಲ್ಪ ನಿಲ್ಲಬೇಕು, ಮುಕ್ಕಾಲು ಪಾಲು ಜಗಳಗಳು ಎಡವುವುದು ಇಲ್ಲಿಯೇ. ಎಂಟು ವರ್ಷ ಓಡಿದ ಕಾರಿನ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಬ್ಯಾಟರಿ, ಟೈರು ಇವೆಲ್ಲ ಸವೆದೇ ಇರುತ್ತವೆ. ಅದು ಸವೆತ. ಬೆಲೆ ಕಡಿಮೆಯಾಗಿರುವುದೇ ಅದಕ್ಕಾಗಿ. ಇದರ ಮೇಲೆ ತಕರಾರು ತೆಗೆಯುವವರು ಹೊಸ ಕಾರನ್ನೇ ಕೊಳ್ಳಬೇಕಿತ್ತು. ಎರಡನೆಯದು, ಮಾರುವ ಹೊತ್ತಿಗೇ ಒಳಗೆ ಇದ್ದು ಯಾರ ಕಣ್ಣಿಗೂ ಬೀಳದ ದೋಷ: ಹೆಡ್‌ನಲ್ಲಿ ಕೂದಲೆಳೆಯಷ್ಟು ಬಿರುಕು, ಗೇರ್ ಬಾಕ್ಸಿನ ಬೇರಿಂಗ್ ಹೋಗುವ ಹಾದಿಯಲ್ಲಿರುವುದು, ಇಂಥವು. ಮಾರಿದವನಿಗೂ ಇದು ಗೊತ್ತಿರಲಿಕ್ಕಿಲ್ಲ. ಮೂರನೆಯದು ಗೊತ್ತಿದ್ದೂ ಮುಚ್ಚಿದ್ದು. ಈ ಕೊನೆಯದು ಒಂದು ಕಲೆಯೇ ಆಗಿ ಬೆಳೆದಿದೆ.

ಎಂಜಿನ್ ಹೊಗೆ ಕಾರುತ್ತಿದ್ದರೆ ಗಟ್ಟಿ ಆಯಿಲ್ ಹಾಕಿ ಕೆಲವು ದಿನ ಸುಮ್ಮನಾಗಿಸುತ್ತಾರೆ. ಕೂಲೆಂಟ್ ಸೋರಿದರೆ ಪೌಡರ್, ನನ್ನ ಕಾರಿಗೆ ಮಾಡಿದ ಹಾಗೆ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಚ್ಚಿ ಕೋಡ್ ಅಳಿಸುತ್ತಾರೆ, ಹತ್ತಿಪ್ಪತ್ತು ಕಿಲೋಮೀಟರ್ ಓಡುವ ತನಕ ಅದು ಮತ್ತೆ ಹೊತ್ತದೆಯೂ ಇರಬಹುದು. ಆದರೆ ಅಳಿಸಿದ ಗುರುತು ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಕೋಡ್ ಅಳಿಸಿದ ಕೂಡಲೇ ಕಾರಿನ ಸ್ವಯಂ ತಪಾಸಣೆಗಳೆಲ್ಲ ‘ಇನ್ನೂ ಮುಗಿದಿಲ್ಲ’ ಎಂಬ ಸ್ಥಿತಿಗೆ ಮರಳುತ್ತವೆ. ಸ್ಕ್ಯಾನರ್ ಹಿಡಿದ ಬುದ್ಧಿವಂತ ಹುಡುಗ ಮೊದಲು ನೋಡುವುದು ಇದನ್ನೇ. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಮುಳ್ಳಿನ ಮೀಟರ್ ಕಾಲಕ್ಕಿಂತ ಈಗ ಸುಲಭವಾಗಿದೆ, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಸ್ಟೀರಿಂಗ್ ಮೇಲಿನ ತೊಗಲು, ಕ್ಲಚ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಅಂಚು ಮಾತ್ರ ಸುಳ್ಳು ಹೇಳುವುದಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ‘25 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ’ ಎನ್ನುವ ಕಾರಿಗೆ ನಾಲ್ಕೂ ಟೈರು ಈಚಿನವಾಗಿದ್ದರೆ ಕೇಳಲು ಒಂದು ಪ್ರಶ್ನೆ ಸಿಕ್ಕಿತು ಅಂತ ಅರ್ಥ.

ನೀರಿನಲ್ಲಿ ಮುಳುಗಿ ಎದ್ದ ಕಾರಿನ ಕಥೆಯೇ ಬೇರೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಳ್ಳಂದೂರಿನ ಸುತ್ತಮುತ್ತ ಕೋಟಿ ಬೆಲೆಯ ಕಾರುಗಳೂ ನೆಲಮಾಳಿಗೆಯಲ್ಲಿ ತೇಲಿದವು. ಹೀಗೆ ನೆನೆದ ಕಾರು ತೊಳೆದು ಒಣಗಿಸಿದ ಮೇಲೆ ಮದುಮಗನ ಹಾಗೆ ಕಾಣುತ್ತದೆ. ದೋಷ ಶುರುವಾಗುವುದು ಆರು ತಿಂಗಳ ಮೇಲೆ, ವೈರಿಂಗ್ ಕನೆಕ್ಟರ್‌ಗಳು ಪಾಚಿ ಬಣ್ಣಕ್ಕೆ ತಿರುಗಿದಾಗ. ಕಿಟಕಿ ಇಳಿಯುವುದಿಲ್ಲ, ಇದ್ದಕ್ಕಿದ್ದಂತೆ ಏರ್‌ಬ್ಯಾಗ್ ದೀಪ ಹೊತ್ತುತ್ತದೆ, ಒಂದು ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕಾರ್ಪೆಟ್ ಕೆಳಗೆ ಕೈ ಹಾಕಿ, ಸೀಟಿನ ಕೆಳಗಿನ ಹಳಿಯ ಬೋಲ್ಟು ತುಕ್ಕು ಹಿಡಿದಿದೆಯೇ ನೋಡಿ. ಮಣ್ಣಿನ ಗೆರೆ ಇನ್ನೆಲ್ಲೂ ಉಳಿಯದಿದ್ದರೂ ಅಲ್ಲಿ ಉಳಿದಿರುತ್ತದೆ.

ಸವೆತಕ್ಕೂ ದೋಷಕ್ಕೂ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇಂಗ್ಲೆಂಡಿನ ಎರಡು ಹಳೆಯ ತೀರ್ಪುಗಳು ಸಾಕ್ಷಿ. ಎರಡರಲ್ಲೂ ಕಾರು ಜಾಗ್ವಾರ್, ಎರಡರಲ್ಲೂ ನ್ಯಾಯಪೀಠದಲ್ಲಿದ್ದವರು ಲಾರ್ಡ್ ಡೆನಿಂಗ್. 1965ರ ಪ್ರಕರಣದಲ್ಲಿ ಕ್ಲಚ್‌ನಲ್ಲಿ ಸಣ್ಣ ತೊಂದರೆಯಿದೆ ಎಂದು ಮಾರುವವನೇ ಹೇಳಿದ್ದ, ಬೆಲೆಯಲ್ಲೂ ಅದಕ್ಕೆ ತಕ್ಕಷ್ಟು ಬಿಟ್ಟಿದ್ದ. ರಿಪೇರಿಗೆ ಅಂದುಕೊಂಡದ್ದಕ್ಕಿಂತ ತುಂಬ ಹೆಚ್ಚು ಬಿತ್ತು. ಕೊಂಡವನು ಸೋತ. ಹಳೆಯ ಕಾರು ಕೊಳ್ಳುವವನು ಇಂದಲ್ಲ ನಾಳೆ ದೋಷ ಕಾಣಬಹುದೆಂದು ತಿಳಿದೇ ಕೊಳ್ಳಬೇಕು, ಓಡಿಸಲು ಯೋಗ್ಯವಾಗಿದ್ದರೆ ಸಾಕು ಎಂಬುದು ಅಲ್ಲಿನ ತರ್ಕ. ಹತ್ತು ವರ್ಷ ಕಳೆದ ಮೇಲೆ ಇನ್ನೊಂದು ಜಾಗ್ವಾರ್ ಬಂತು. ಎಂಟು ವರ್ಷದ ಕಾರು, 82 ಸಾವಿರ ಮೈಲಿ ಓಡಿದ್ದು. ಕೊಂಡ ಮೂರು ವಾರದಲ್ಲಿ, ಸುಮಾರು 2,300 ಮೈಲಿ ಓಡಿದ ಮೇಲೆ, ಎಂಜಿನ್ ಕಚ್ಚಿಕೊಂಡು ನಿಂತಿತು. ಈ ಸಲ ಕೊಂಡವನು ಗೆದ್ದ. ಕಾರಣ, ಹಿಂದಿನ ಮಾಲೀಕನೇ ಬಂದು, ತಾನು ಮಾರುವಾಗಲೇ ಆ ಎಂಜಿನ್ ಸವೆದು ಸತ್ತಿತ್ತು ಎಂದು ಸಾಕ್ಷಿ ಹೇಳಿದ. ಕಾರಿನ ಜಾತಿ ಒಂದೇ, ಫಲ ಬೇರೆ. ವ್ಯತ್ಯಾಸವೆಲ್ಲ ಆ ಒಬ್ಬ ಸಾಕ್ಷಿಯದು.

ನಮ್ಮ ಕಾನೂನಿನ ಬುಡವೂ ಅದೇ ಬೇರಿನದು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಯಾವುದೋ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ಅವನ ವರ್ಣನೆಯ ಮೇಲೆ ಕೊಂಡರೆ, ಆ ಸರಕು ಮಾರಲು ಯೋಗ್ಯವಾದ ಗುಣಮಟ್ಟದ್ದಾಗಿರಬೇಕು. ಬಾಯಿಬಿಟ್ಟು ಹೇಳದಿದ್ದರೂ ಈ ಷರತ್ತು ಒಪ್ಪಂದದೊಳಗೆ ಇದ್ದೇ ಇರುತ್ತದೆ. ‘ಸೆಕೆಂಡ್ ಹ್ಯಾಂಡ್ ಅಲ್ವಾ’ ಎಂಬ ಮಾತಿಗೆ ಇದು ಉತ್ತರ. ಕಾಯ್ದೆಯಲ್ಲಿ ಹಳೆಯ ಸರಕಿಗೆ ವಿನಾಯಿತಿ ಎಂಬುದಿಲ್ಲ, ಹಳೆಯದಕ್ಕೆ ತಕ್ಕ ಗುಣಮಟ್ಟ ಇರಬೇಕು, ಅಷ್ಟೆ. ಆದರೆ ಅದೇ ಕಲಮಿಗೆ ಒಂದು ಬಾಲವಿದೆ. ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಈ ರಕ್ಷಣೆ ಸಿಗದು. ‘ನೀವೇ ಓಡಿಸಿ ನೋಡಿದ್ರಲ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ, ಅದನ್ನು ಆಡುವವರಿಗೆ ಈ ಕಲಮು ಗೊತ್ತಿರಲಿ ಬಿಡಲಿ. ಇದರಲ್ಲೊಂದು ವಿಚಿತ್ರವಿದೆ. ಏನೂ ನೋಡದೆ ಕೊಂಡ ಸೋಮಾರಿಗಿಂತ ಅರ್ಧಂಬರ್ಧ ನೋಡಿ ಕೊಂಡವನಿಗೇ ಹೆಚ್ಚು ಅಪಾಯ! ಆದರೂ ಹತ್ತು ನಿಮಿಷ ಬಡಾವಣೆ ಸುತ್ತಿ ಬಂದರೆ ಹೆಡ್ ಗ್ಯಾಸ್ಕೆಟ್ ಕಾಣಬೇಕಿತ್ತು ಎಂದು ಯಾರೂ ಹೇಳಲಾರರು. ಮುಚ್ಚಿಟ್ಟ ದೋಷಕ್ಕೆ ಆ ಬಾಲ ತಾಗುವುದಿಲ್ಲ.

‘ಇರುವ ಸ್ಥಿತಿಯಲ್ಲಿ, ಇರುವ ಜಾಗದಲ್ಲಿ’ ಎಂದು ಡೆಲಿವರಿ ನೋಟಿನಲ್ಲಿ ಬರೆಸಿಕೊಳ್ಳುವ ರೂಢಿಯೂ ಇದೆ. ಹಾಗೆ ಬರೆದರೆ ಎಲ್ಲ ತೊಳೆದುಹೋಯಿತು ಎಂದು ಮಾರುವವರು ನಂಬಿದ್ದಾರೆ, ಕೊಳ್ಳುವವರೂ ನಂಬಿದ್ದಾರೆ. ಬಾಯಿಬಿಟ್ಟು ಹೇಳದ ಷರತ್ತುಗಳನ್ನು ಒಪ್ಪಂದದಿಂದ ತೆಗೆದುಹಾಕಲು 1930ರ ಕಾಯ್ದೆ ಅವಕಾಶ ಕೊಡುವುದು ನಿಜ. ವಂಚನೆಗೆ ಮಾತ್ರ ಅಂಥ ರಜೆಯಿಲ್ಲ. ಹೇಗೂ ಇವತ್ತು ಕೊಳ್ಳುವವನ ಮುಖ್ಯ ಆಯುಧ ಆ ಕಾಯ್ದೆಯಲ್ಲ. 2019ರಲ್ಲಿ ಅಂಗೀಕಾರವಾಗಿ 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ.

ಆ ಕಾಯ್ದೆ ‘ದೋಷ’ವನ್ನು ವಿವರಿಸುವ ಸಾಲುಗಳನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಕಾನೂನಿನ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದು ದೋಷ. ಒಪ್ಪಂದದ ಪ್ರಕಾರ ಇರಬೇಕಾದದ್ದು ಇಲ್ಲದಿದ್ದರೂ ದೋಷ. ಅಷ್ಟೇ ಅಲ್ಲ, ವ್ಯಾಪಾರಿ ಯಾವುದೇ ರೀತಿಯಲ್ಲಿ ತನ್ನ ಸರಕಿನ ಬಗ್ಗೆ ಹೇಳಿಕೊಂಡದ್ದರಲ್ಲಿ ಕೊರತೆ ಕಂಡರೂ ಅದು ದೋಷವೇ. ‘ಯಾವುದೇ ರೀತಿಯಲ್ಲಿ’ ಎಂಬುದನ್ನು ಎರಡು ಸಲ ಓದಬೇಕು. ‘ನಾನ್ ಆಕ್ಸಿಡೆಂಟ್’, ‘ಸಿಂಗಲ್ ಓನರ್, ಡಾಕ್ಟರ್ ಇಟ್ಕೊಂಡಿದ್ದ ಗಾಡಿ’, ‘ಎಂಜಿನ್ ಬೆಣ್ಣೆ ಇದ್ದಂಗಿದೆ’ ಎಂಬ ವಾಟ್ಸಾಪ್ ಸಂದೇಶ, ಜಾಹೀರಾತಿನ ಸ್ಕ್ರೀನ್‌ಶಾಟ್, 200 ಅಂಶಗಳ ತಪಾಸಣಾ ಪಟ್ಟಿಯಲ್ಲಿ ಹಾಕಿದ ಹಸಿರು ಟಿಕ್ಕು, ಎಲ್ಲವೂ ಇದರಲ್ಲಿ ಬರುತ್ತವೆ. ಬೆಣ್ಣೆಯ ಮಾತನ್ನು ಹೊಗಳಿಕೆ ಎಂದು ಬಿಟ್ಟುಬಿಡಬಹುದೇನೋ, ‘ನಾನ್ ಆಕ್ಸಿಡೆಂಟ್’ ಎಂಬುದನ್ನು ಬಿಡಲಾಗದು. ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಬಿಲ್ಲು ಕೊಡದಿರುವುದನ್ನೂ ಸೇರಿಸಿದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹಾಗೆ ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಹಿಂತಿರುಗಿಸಲು ಒಪ್ಪದಿರುವುದನ್ನೂ ಸೇರಿಸಿದೆ. ಈ 30 ದಿನದ ಮಾತನ್ನು ನಮ್ಮ ಊರಿನ ಯಾವ ಕಾರು ಅಂಗಡಿಯ ಗೋಡೆಯ ಮೇಲೂ ನಾನು ಓದಿಲ್ಲ.

ಇಷ್ಟಕ್ಕೂ ಮಾರಿದವರು ಯಾರು? ಪ್ರಶ್ನೆ ಬಾಲಿಶವೆನ್ನಿಸಬಹುದು. ಆದರೆ ನಮ್ಮಲ್ಲಿ ಹೆಚ್ಚಿನ ಕನ್ಸಲ್ಟೆಂಟ್‌ಗಳು ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದೇ ಇಲ್ಲ. ಹಳೆಯ ಮಾಲೀಕನಿಂದ ಖಾಲಿ 29, 30ನೇ ಫಾರಂಗಳಿಗೆ ಸಹಿ ಹಾಕಿಸಿ ಡ್ರಾಯರಿನಲ್ಲಿಟ್ಟುಕೊಂಡು, ಕೊಳ್ಳುವ ಪಾರ್ಟಿ ಬಂದ ದಿನ ಹೆಸರು ತುಂಬುತ್ತಾರೆ. ಹೆಸರಿಗೆ ತಕ್ಕಂತೆ ‘ಕನ್ಸಲ್ಟೆಂಟ್’. ತಕರಾರು ಬಂದಾಗ ‘ನಾನು ಬರೀ ಮಧ್ಯದಲ್ಲಿದ್ದವನು, ಓನರ್ ಹತ್ರ ಮಾತಾಡಿ’ ಎನ್ನಲು ದಾರಿ ಇರುತ್ತದೆ. ಓನರ್ ಅಷ್ಟು ಹೊತ್ತಿಗೆ ಹುಬ್ಬಳ್ಳಿಗೋ ದುಬೈಗೋ ಹೋಗಿರುತ್ತಾನೆ. ಅವನು ಸಿಕ್ಕರೂ ಅವನು ವ್ಯಾಪಾರಿಯಲ್ಲ, ಗ್ರಾಹಕ ಕಾಯ್ದೆ ಅವನಿಗೆ ತಾಗುವುದಿಲ್ಲ. ಸುಳ್ಳು ಹೇಳಿ ಮಾರಿದ್ದಾನೆಂದು ಸಿವಿಲ್ ಕೋರ್ಟಿಗೆ ಹೋಗಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಇಂಥ ಯಾವುದೋ ವ್ಯವಹಾರ ನೋಡಿಯೇ ಕಟ್ಟಿರಬೇಕು.

ಈ ಕಳ್ಳದಾರಿಯನ್ನು ಮುಚ್ಚಲು ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರಿನಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. 2023ರ ಏಪ್ರಿಲ್ 1ರಿಂದ ಹಳೆ ವಾಹನದ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕ ತನ್ನ ವಾಹನವನ್ನು ವ್ಯಾಪಾರಿಗೆ ಒಪ್ಪಿಸಿದ ಕೂಡಲೇ ಅದನ್ನು ಪೋರ್ಟಲ್‌ನಲ್ಲಿ ತಿಳಿಸಬೇಕು. ಅಲ್ಲಿಂದಾಚೆಗೆ ವ್ಯಾಪಾರಿಯೇ ಮಾಲೀಕನೆಂದು ಲೆಕ್ಕ, ಕಾರು ಎಲ್ಲೆಲ್ಲಿ ಓಡಿತು ಎಂಬುದಕ್ಕೆ ಅವನು ವಿದ್ಯುನ್ಮಾನ ದಾಖಲೆ ಇಡಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಬಹುಕಾಲದ ಮೇಲೆ ಬಂದ ಅತಿ ಮುಖ್ಯವಾದ ಬದಲಾವಣೆ ಇದು. ಮಧ್ಯವರ್ತಿಯ ವೇಷವನ್ನು ಇದು ಕಳಚುತ್ತದೆ. ಆದರೆ ಅಧಿಕಾರ ಪತ್ರ ಅಂಗಡಿಯಲ್ಲಿ ತೂಗುಹಾಕಿದ್ದನ್ನು ನಾನು ಕಂಡದ್ದು ಕಡಿಮೆ, ಲಕ್ಷ್ಮೀ ಪಟದ ಪಕ್ಕ ಜಾಗವಿದ್ದರೂ. ಕೇಳಿ ನೋಡಿ. ಪತ್ರವಿದ್ದವನ ಹತ್ತಿರ ವ್ಯವಹಾರ ಮಾಡುವುದೇ ಅರ್ಧ ಗೆಲುವು. ಜಿಎಸ್‌ಟಿ ಬಿಲ್ಲು ಕೇಳುವುದೂ ಇದೇ ಕಾರಣಕ್ಕೆ. 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿ ಹಳೆ ಕಾರಿನ ಮೇಲೆ ಸಿಕ್ಕ ಲಾಭಾಂಶಕ್ಕೆ ಶೇ 18ರಷ್ಟು ತೆರಿಗೆ ಕಟ್ಟಬೇಕು. ತೆರಿಗೆ ಕಟ್ಟಿ ಬಿಲ್ಲು ಕೊಟ್ಟವನು ಆಮೇಲೆ ‘ನಾನು ಮಾರಲಿಲ್ಲ’ ಎನ್ನಲಾರ.

ಕಂಪನಿಗಳ ಹೆಸರಿನಲ್ಲೇ ನಡೆಯುವ ಹಳೆ ಕಾರಿನ ಮಳಿಗೆಗಳು, ಆನ್‌ಲೈನ್ ಕಂಪನಿಗಳು ಬಂದ ಮೇಲೆ ಸ್ಥಿತಿ ಸುಧಾರಿಸಿದೆ. ವಾರಂಟಿ ಕೊಡುತ್ತಾರೆ, ಕೆಲವರು ಕೆಲವು ದಿನದೊಳಗೆ ವಾಪಸ್ ತೆಗೆದುಕೊಳ್ಳುವ ಮಾತೂ ಕೊಡುತ್ತಾರೆ. ಕಂತೆಯ ಕೊನೆಯ ಪುಟ ಓದಬೇಕು. ಎಂಜಿನ್ ಮತ್ತು ಗೇರ್ ಬಾಕ್ಸ್ ‘ಒಳಗಿನ ಭಾಗಗಳಿಗೆ’ ಮಾತ್ರ ವಾರಂಟಿ ಎಂದಿದ್ದರೆ ಟರ್ಬೊ, ಇಂಜೆಕ್ಟರ್, ಎಸಿ ಕಂಪ್ರೆಸರ್ ಹೊರಗುಳಿದವು ಎಂದರ್ಥ. ದುಬಾರಿ ಖರ್ಚು ಬರುವುದು ಬಹುಪಾಲು ಅಲ್ಲಿಂದಲೇ. ಬೋರ್ಡಿನ ಮೇಲೆ ತಯಾರಕರ ಹೆಸರಿದ್ದರೂ ಬಿಲ್ಲು ಯಾರ ಹೆಸರಿನಲ್ಲಿದೆ ನೋಡಿ. ಗೋವಾದ ಒಬ್ಬ ಖರೀದಿದಾರರಿಗೆ ಡೀಲರ್ 2009ರಲ್ಲಿ ತಯಾರಾಗಿ ಅಷ್ಟಿಷ್ಟು ಓಡಿದ್ದ ಕಾರನ್ನು 2011ರ ಹೊಸದೆಂದು ಮಾರಿದ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಡೀಲರ್ ಮಾಡಿದ ಈ ಕೆಲಸ ತಯಾರಕರಿಗೆ ಗೊತ್ತಿತ್ತೆಂದು ತೋರಿಸದ ಹೊರತು ಅವರನ್ನು ಹೊಣೆ ಮಾಡಲಾಗದು ಎಂದು 2021ರಲ್ಲಿ ನ್ಯಾಯಾಲಯ ಹೇಳಿತು.

ಎಂಜಿನ್ನಿಗಿಂತ ಕಾಗದದಲ್ಲಿ ಕೆಟ್ಟ ಕಾರುಗಳು ಹೆಚ್ಚು ಅಪಾಯದವು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿರುವುದು, ಟ್ರಾಫಿಕ್ ದಂಡದ ಬಾಕಿ, ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬಂದ ಟ್ಯಾಕ್ಸಿ, ಇವನ್ನೆಲ್ಲ ಎಂ-ಪರಿವಾಹನ್ ಆ್ಯಪ್, ಆರ್‌ಸಿಯ ಹಳೆಯ ಪುಟಗಳು, ಪೊಲೀಸರ ಜಾಲತಾಣ ನೋಡಿ ಹತ್ತು ನಿಮಿಷದಲ್ಲಿ ತಿಳಿಯಬಹುದು. ಬೇರೆ ರಾಜ್ಯದ ಕಾರಿಗೆ 12 ತಿಂಗಳೊಳಗೆ ಇಲ್ಲಿಯ ನಂಬರ್ ಹಾಕಿಸಬೇಕು, ಎನ್‌ಒಸಿ ತರಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಕಾರು ಓಡಿಸಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿನ ಅಗ್ಗದ ಕಾರುಗಳು ದಕ್ಷಿಣದವರ ಕಣ್ಣಿಗೆ ಬಿದ್ದವು. ತೆರಿಗೆ ಸೇರಿಸಿ ಲೆಕ್ಕ ಹಾಕದವರಿಗೆ ಅಗ್ಗ ಎಷ್ಟು ದುಬಾರಿ ಎಂಬುದು ಆರ್‌ಟಿಒ ಕೌಂಟರಿನಲ್ಲಿ ತಿಳಿಯುತ್ತದೆ.

ಹೆಸರು ಬದಲಾವಣೆಯನ್ನು ‘ನಾವೇ ಮಾಡಿಸಿಕೊಡ್ತೀವಿ’ ಎಂಬ ಭರವಸೆಯ ಮೇಲೆ ತಿಂಗಳುಗಟ್ಟಲೆ ಬಿಡಬಾರದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಕಾರು ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಇದು ಮಾರಿದವನ ತಲೆನೋವು. ಕೊಂಡವನದು ವಿಮೆ. ಕಾರಿನ ಜೊತೆ ಮೂರನೆಯವರ ವಿಮೆ ತಾನಾಗಿ ವರ್ಗವಾಗುತ್ತದೆ, ಸ್ವಂತ ಕಾರಿನ ಹಾನಿಯ ಭಾಗ ಆಗುವುದಿಲ್ಲ. 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳದಿದ್ದರೆ ಕ್ಲೇಮು ಬಿದ್ದುಹೋಗಬಹುದು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತದೆ.

ಇನ್ನು ನಾನು ಮಾಡಿದ ತಪ್ಪು. ಬಿಡದಿಯ ಆ ಮೆಕ್ಯಾನಿಕ್ ‘ಹೆಡ್ ಇಳಿಸಬೇಕು’ ಎಂದಾಗ ‘ಇಳಿಸಿ’ ಅಂದೆ. ಮೂರು ದಿನದಲ್ಲಿ ಕೆಲಸ ಮುಗಿಯಿತು, 38 ಸಾವಿರ ಬಿಲ್ಲಾಯಿತು. ಬಿಲ್ಲಿನಲ್ಲಿ ಬರೆದಿದ್ದು ‘ಹೆಡ್ ವರ್ಕ್’ ಎಂಬ ಎರಡೇ ಪದ. ಹಳೆಯ ಗ್ಯಾಸ್ಕೆಟ್ ಗುಜರಿಗೆ ಹೋಗಿತ್ತು. ಲೋಳೆ ತೊಳೆದುಹೋಗಿತ್ತು. ಅಂದರೆ ಕನ್ಸಲ್ಟೆಂಟ್ ವಿರುದ್ಧ ನನಗಿದ್ದ ಸಾಕ್ಷಿಯನ್ನೆಲ್ಲ ನಾನೇ ದುಡ್ಡು ಕೊಟ್ಟು ನಾಶ ಮಾಡಿಸಿದ್ದೆ.

ದೋಷ ಕಂಡ ದಿನ ಮಾಡಬೇಕಾದದ್ದು ಇದರ ತದ್ವಿರುದ್ಧ. ಕಾರನ್ನು ನಿಲ್ಲಿಸಬೇಕು. ಮುಳ್ಳು ಏರಿದ ಮೇಲೂ ಓಡಿಸಿದರೆ ‘ನೀವೇ ಓಡಿಸಿ ಕೆಡಿಸಿದಿರಿ’ ಎನ್ನಲು ಅವರಿಗೆ ದಾರಿಯಾಗುತ್ತದೆ. ಮೀಟರಿನ ಓದು ಕಾಣುವ ಹಾಗೆ ಫೋಟೊ, ವಿಡಿಯೊ ತೆಗೆಯಬೇಕು. ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಅವತ್ತೇ ಬರವಣಿಗೆಯಲ್ಲಿ, ಇ-ಮೇಲ್ ಆದರೂ ಸರಿ ವಾಟ್ಸಾಪ್ ಆದರೂ ಸರಿ, ಏನಾಯಿತು, ಯಾವಾಗ, ಎಷ್ಟು ಕಿಲೋಮೀಟರ್ ಓಡಿದ ಮೇಲೆ ಎಂದು ತಿಳಿಸಿ, ಬಂದು ನೋಡಿ ಸರಿಪಡಿಸಿಕೊಡಲು ಒಂದು ದಿನಾಂಕ ಕೊಡಬೇಕು. ಅವಕಾಶ ಕೊಟ್ಟೆ, ಅವರು ಬರಲಿಲ್ಲ ಎಂಬುದು ಮುಂದೆ ತುಂಬ ತೂಗುವ ಮಾತು. ಬಿಚ್ಚುವುದೇ ಆದರೆ ಅಧಿಕೃತ ಸರ್ವೀಸ್ ಸೆಂಟರಿನಲ್ಲೋ ಪರವಾನಗಿ ಇರುವ ಸರ್ವೇಯರ್ ಎದುರಿನಲ್ಲೋ ಬಿಚ್ಚಿಸಿ, ಈ ದೋಷ ಎಷ್ಟು ಹಳೆಯದೆಂದು ಕಾಣುತ್ತದೆ ಎಂಬ ಒಂದು ವಾಕ್ಯವನ್ನು ಬರೆಸಿಕೊಳ್ಳಬೇಕು. ಕೇಸನ್ನು ಎತ್ತಿ ನಿಲ್ಲಿಸುವುದು ಆ ಒಂದು ವಾಕ್ಯ. ತೆಗೆದ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮನೆಗೆ ತರಬೇಕು. ಹೆಂಡತಿ ಬೈದರೂ ಪರವಾಗಿಲ್ಲ.

ಅಷ್ಟಾದ ಮೇಲೆ ಹಾದಿ ಅಂದುಕೊಂಡಷ್ಟು ಕಡಿದಾಗಿಲ್ಲ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ದಾಖಲಿಸಿ ಕಂಪನಿಗೆ ಕಳಿಸುತ್ತಾರೆ. ದೊಡ್ಡ ಹೆಸರಿನವರು ಇದಕ್ಕೆ ಬಗ್ಗುತ್ತಾರೆ, ರಸ್ತೆ ಬದಿಯವರು ಬಗ್ಗುವುದು ಅಪರೂಪ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಅಲ್ಲಿಗೇ ಹೋಗಬಹುದು. 5 ಲಕ್ಷದ ತನಕ ಶುಲ್ಕವೇ ಇಲ್ಲ, 10 ಲಕ್ಷದ ತನಕ 200 ರೂಪಾಯಿ, 20 ಲಕ್ಷದ ತನಕ 400. ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ ದೂರು ಕೊಡಬಹುದು, ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಕೂತಲ್ಲಿಂದಲೇ ಸಲ್ಲಿಸಬಹುದು, ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಬಾಡಿಗೆಗೆ ಬಿಟ್ಟು ಹಣ ಮಾಡಲು ನಾಲ್ಕಾರು ಕಾರು ಕೊಂಡವರನ್ನು ಕಾಯ್ದೆ ಗ್ರಾಹಕ ಎನ್ನುವುದಿಲ್ಲ, ಹೊಟ್ಟೆಪಾಡಿಗಾಗಿ ತಾನೇ ಓಡಿಸುವ ಟ್ಯಾಕ್ಸಿಯವರನ್ನು ಎನ್ನುತ್ತದೆ.

ತೀರ್ಪು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಬರಬೇಕೆಂದು ಕಾಯ್ದೆ ಹೇಳುತ್ತದೆ. ಇದನ್ನು ಓದಿ ಯಾವುದೇ ಆಯೋಗದ ಹೊರಗೆ ಬೆಂಚಿನ ಮೇಲೆ ಕೂತವರು ನಗುತ್ತಾರೆ. ಪರೀಕ್ಷೆ ಎಂಬ ಆ ಮಾತೇ ನಿಜವಾದ ತೊಡಕು. ನೋಡಿ ಹೇಳಲಾಗದ ದೋಷವಿದ್ದರೆ ಆಯೋಗ ಸರಕನ್ನು ತಜ್ಞರ ಪರೀಕ್ಷೆಗೆ ಕಳಿಸಬೇಕು. ವರದಿ ಇಲ್ಲದ ದೂರು, ಎಷ್ಟೇ ನೊಂದು ಬರೆದಿದ್ದರೂ, ‘ದೋಷ ಸಾಬೀತಾಗಿಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ಗೆದ್ದರೂ ಇಡೀ ಬೆಲೆ ವಾಪಸ್ ಬರುವುದು ಕಡಿಮೆ. ಭಾಗ ಬದಲಿಸಿ ಸರಿಯಾಗುವುದಾದರೆ ಇಡೀ ಕಾರನ್ನೇ ಬದಲಿಸಿಕೊಡಿ ಎನ್ನಲಾಗದು ಎಂದು ಹೊಸ ಕಾರಿನ ವಿಷಯದಲ್ಲೇ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಳೆಯದಕ್ಕೆ ನಿರೀಕ್ಷೆ ಅದಕ್ಕೂ ಕೆಳಗಿರಬೇಕು.

ಲಂಡನ್ನಿನಲ್ಲೋ ಸಿಂಗಪುರದಲ್ಲೋ ಇರುವ ನಮ್ಮವರು ಹಳೆ ಕಾರು ಕೊಂಡ ಕಥೆ ಹೇಳುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಬ್ರಿಟನ್ನಿನಲ್ಲಿ 2015ರ ಕಾಯ್ದೆಯ ಪ್ರಕಾರ ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ದೋಷವಿದ್ದರೆ 30 ದಿನದೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆಮೇಲಾದರೆ ರಿಪೇರಿಗೆ ಒಂದು ಅವಕಾಶ ಕೊಡಬೇಕು, ಅದೂ ವಿಫಲವಾದರೆ ಓಡಿಸಿದ್ದಕ್ಕೆ ಅಷ್ಟಿಷ್ಟು ಮುರಿದುಕೊಂಡು ವಾಪಸ್. ಆರು ತಿಂಗಳೊಳಗೆ ಕಂಡ ದೋಷ ಮಾರುವಾಗಲೇ ಇತ್ತು ಎಂದೇ ಎಣಿಕೆ, ಇರಲಿಲ್ಲ ಎಂದು ತೋರಿಸುವುದು ವ್ಯಾಪಾರಿಯ ಪಾಡು. ಸಿಂಗಪುರ 2012ರ ಸೆಪ್ಟೆಂಬರಿನಿಂದ ಹಳೆ ಕಾರಿಗೂ ಸೇರಿಸಿ ಇದೇ ಆರು ತಿಂಗಳ ನಿಯಮ ತಂದಿದೆ. ಯೂರೋಪಿನ ಒಕ್ಕೂಟದಲ್ಲಿ ಈ ಅವಧಿ ಒಂದು ವರ್ಷ. ಅಮೆರಿಕ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ವ್ಯಾಪಾರಿ ಪ್ರತಿ ಹಳೆ ಕಾರಿನ ಗಾಜಿಗೂ ವಾರಂಟಿ ಇದೆಯೇ ಇಲ್ಲವೇ ಎಂದು ದೊಡ್ಡ ಅಕ್ಷರದ ಚೀಟಿ ಅಂಟಿಸಬೇಕು. ‘ಇಲ್ಲ’ ಎಂದು ಬರೆದು ಅಂಟಿಸಿದರೆ ಹಲವು ರಾಜ್ಯಗಳಲ್ಲಿ ಅಲ್ಲಿಗೆ ಮುಗಿಯಿತು.

ಇವುಗಳಲ್ಲಿ ಯಾವುದು ಬೇಕು ಎಂದು ನನ್ನನ್ನು ಕೇಳಿದರೆ 30 ದಿನದ ವಾಪಸಾತಿಯನ್ನೂ ಬಿಟ್ಟು ಆ ಆರು ತಿಂಗಳ ಎಣಿಕೆಯನ್ನು ಕೇಳುತ್ತೇನೆ. ಕಾರಿನ ಹಿಂದಿನ ಬದುಕು ವ್ಯಾಪಾರಿಗೆ ಗೊತ್ತು, ಲಿಫ್ಟ್ ಮೇಲೆ ಎತ್ತಿ ನೋಡುವ ಅನುಕೂಲ ಅವನಿಗಿದೆ, ಅದೇ ಅವನ ಕಸುಬು. ಸಾಬೀತು ಮಾಡುವ ಭಾರವನ್ನು ಅಲ್ಲಿ ಇಡಬೇಕೇ ಹೊರತು ರಸ್ತೆ ಬದಿಯಲ್ಲಿ ಹಬೆ ನೋಡುತ್ತಾ ನಿಂತವನ ಮೇಲಲ್ಲ. ಹಾಗಾದರೆ ಸಣ್ಣ ಕನ್ಸಲ್ಟೆಂಟ್‌ಗಳು ಸಾಯುತ್ತಾರೆ ಎಂಬ ವಾದವಿದೆ. ಇರಬಹುದು. ಬೆಲೆಯೂ ಹತ್ತಿಪ್ಪತ್ತು ಸಾವಿರ ಏರಬಹುದು. ನಾನು 38 ಸಾವಿರ ಕೊಟ್ಟವನು, ಆ ಲೆಕ್ಕ ನನಗೆ ಒಪ್ಪಿಗೆ.

ನನ್ನ ಜಗಳ ಕೊನೆಗೆ ಚಹಾದ ಅಂಗಡಿಯಲ್ಲಿ ಮುಗಿಯಿತು. ವರದಿ ಇಲ್ಲ, ಭಾಗಗಳಿಲ್ಲ, ಕೈಯಲ್ಲಿದ್ದದ್ದು ‘ಎಂಜಿನ್ ಕೆಲಸ ಏನೂ ಇಲ್ಲ ಸಾರ್, ಗ್ಯಾರಂಟಿ’ ಎಂಬ ಒಂದು ವಾಟ್ಸಾಪ್ ಸಂದೇಶ ಮಾತ್ರ. ಅದನ್ನು ತೋರಿಸಿ, ಗ್ರಾಹಕ ಆಯೋಗದ ಹೆಸರು ಹೇಳಿದಾಗ ಅವರು 12 ಸಾವಿರ ಕೊಟ್ಟರು. ಚಹಾದ ದುಡ್ಡನ್ನೂ ಅವರೇ ಕೊಟ್ಟರು ಎನ್ನಬೇಕು.

ಮೂರು ವರ್ಷ ಓಡಿಸಿ 2024ರಲ್ಲಿ ಆ ಕಾರನ್ನು ಮಾರಿದೆ, ಇನ್ನೊಬ್ಬ ಕನ್ಸಲ್ಟೆಂಟ್‌ಗೆ. ಇಟ್ಟುಕೊಂಡಿದ್ದ ಬಿಲ್ಲುಗಳನ್ನೆಲ್ಲ ಫೈಲಿನಲ್ಲಿ ಜೋಡಿಸಿ ಒಯ್ದಿದ್ದೆ, ‘ಹೆಡ್ ವರ್ಕ್’ ಬಿಲ್ಲನ್ನೂ ಸೇರಿಸಿ. ಕಾರಿಗೆ ಏನೇನು ಆಗಿದೆ ಎಂದು ಬಾಯಿಬಿಟ್ಟು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಆರ್‌ಸಿ ಮತ್ತು ವಿಮೆ ಕಾಗದ ಮಾತ್ರ ಎತ್ತಿಕೊಂಡು, ಫೈಲನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

‘ಇದು ಬೇಡ ಸಾರ್, ನೀವೇ ಇಟ್ಕೊಳ್ಳಿ. ಇದನ್ನೆಲ್ಲ ನೋಡಿದ್ರೆ ಪಾರ್ಟಿ ಹೆದರ್ತಾರೆ.’